ಬಿಎ ಸೇರುವ ಮುಂಚೆ: ಕಾಂಬಿನೇಷನ್ ಆರಿಸುವುದು ಹೇಗೆ, ರೂಲ್ಸ್ ಓದುವುದು ಹೇಗೆ

ಪಿಯುಸಿ ರಿಸಲ್ಟ್ ಬಂದ ವಾರ ಮಂಡ್ಯ, ಮೈಸೂರು ಕಡೆ ಒಂದು ದೃಶ್ಯ ಖಾಯಂ. ಒಬ್ಬ ಹುಡುಗನೋ ಹುಡುಗಿಯೋ, ಜೊತೆಗೆ ಅಪ್ಪ ಅಥವಾ ಚಿಕ್ಕಪ್ಪ, ಕೈಯಲ್ಲಿ ಕವರ್ ತುಂಬ ಜೆರಾಕ್ಸು. ಕಾಲೇಜಿನ ಕೌಂಟರ್ ಮುಂದೆ ನಿಂತು, ಬಸ್ಸಿನಲ್ಲಿ ಸೀಟು ಕೇಳಿದ ಹಾಗೆ, "ಬಿಎಲಿ ಯಾವ ಕಾಂಬಿನೇಷನ್ ಖಾಲಿ ಇದೆ ಸಾರ್?" ಎಂದು ಕೇಳುತ್ತಾರೆ. ಖಾಲಿ ಇದ್ದದ್ದನ್ನು ಕೊಡುತ್ತಾರೆ. ಮೂರು ವರ್ಷದ ತೀರ್ಮಾನ ಐದು ನಿಮಿಷದಲ್ಲಿ ಆಗಿಹೋಗುತ್ತದೆ.

ನಾನೂ ಹಾಗೇ ಸೇರಿದವನು. ಪಕ್ಕದ ಮನೆಯ ಗೆಳೆಯ ಎಚ್‌ಇಪಿ ಅಂದ, ನಾನೂ ಎಚ್‌ಇಪಿ ಅಂದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಎರಡನೇ ವರ್ಷಕ್ಕೆ ಬಂದಾಗ ಕನ್ನಡ ಎಂ.ಎ. ಮಾಡುವ ಹುಚ್ಚು ಹಿಡಿಯಿತು. ನಾಲ್ಕು ಸೆಮಿಸ್ಟರ್ ಕನ್ನಡ ಓದಿದ್ದೀನಲ್ಲ, ಸಾಕು ಅಂದುಕೊಂಡಿದ್ದೆ. ಅರ್ಜಿ ಹಾಕಿದೆ. ಐಚ್ಛಿಕ ಕನ್ನಡ ಓದಿದವರ ಹೆಸರೆಲ್ಲ ಪಟ್ಟಿಯಲ್ಲಿ ಬಂತು, ನನ್ನದು ಬರಲಿಲ್ಲ. ಆಗ ಹಿಂತಿರುಗಿ ನೋಡಿದರೆ, ಈ ವ್ಯತ್ಯಾಸ ಮೊದಲ ದಿನ ಕೊಟ್ಟ ಪ್ರಾಸ್ಪೆಕ್ಟಸ್‌ನಲ್ಲೇ ಇತ್ತು. ಓದಿದವರು ಯಾರು?

ಅದಕ್ಕೇ ಮೊದಲು ಈ ಗೊಂದಲ ಬಿಡಿಸಿಕೊಳ್ಳಿ. ಬಿಎನಲ್ಲಿ ಎರಡು ಬಗೆಯ ಕನ್ನಡ ಇದೆ. ಒಂದು ಭಾಷೆಯಾಗಿ ಓದುವ ಕನ್ನಡ. ಇದು ಬಿಕಾಂ, ಬಿಎಸ್ಸಿಯವರಿಗೂ ಇರುತ್ತದೆ, ಮೊದಲ ಎರಡು ವರ್ಷಕ್ಕೆ ಮುಗಿಯುತ್ತದೆ. ಇನ್ನೊಂದು ಐಚ್ಛಿಕ ಕನ್ನಡ. ಇತಿಹಾಸ, ಸಮಾಜಶಾಸ್ತ್ರದ ಹಾಗೆ ಅದೂ ನಿಮ್ಮ ಮೂರು ಮುಖ್ಯ ವಿಷಯಗಳಲ್ಲಿ ಒಂದು. ಕನ್ನಡ ಮೇಷ್ಟ್ರಾಗಬೇಕು, ಕನ್ನಡ ಎಂ.ಎ. ಮಾಡಬೇಕು ಅನ್ನುವವರಿಗೆ ಬೇಕಾಗಿರುವುದು ಎರಡನೆಯದು. ಇಂಗ್ಲಿಷಿಗೂ ಇದೇ ಲೆಕ್ಕ. ಭಾಷೆ ಇಂಗ್ಲಿಷ್ ಬೇರೆ, ಐಚ್ಛಿಕ ಇಂಗ್ಲಿಷ್ ಬೇರೆ.

ಕಾಂಬಿನೇಷನ್ ಆರಿಸುವಾಗ ಮೂರನೇ ವರ್ಷದ ಆಚೆ ನಿಂತು ಹಿಂದಕ್ಕೆ ನೋಡಬೇಕು. ಕೆಎಎಸ್, ಐಎಎಸ್, ಎಫ್‌ಡಿಎ, ಪಿಡಿಒ ಥರದ ಪರೀಕ್ಷೆ ಬರೆಯುವ ಯೋಚನೆ ಇದ್ದರೆ ಯಾವುದಾದರೂ ಡಿಗ್ರಿ ಇದ್ದರೆ ನಡೆಯುತ್ತದೆ, ವಿಷಯದ ತಲೆನೋವು ಇಲ್ಲ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಭೂಗೋಳ ಓದಿದ್ದರೆ ಸಾಮಾನ್ಯ ಜ್ಞಾನದ ಪತ್ರಿಕೆಗೆ ಅರ್ಧ ಕೆಲಸ ಮುಗಿದಿರುತ್ತದೆ, ಅಷ್ಟೇ. ಆದರೆ ಬಿ.ಎಡ್. ಮಾಡಿ ಶಾಲೆಗೆ ಹೋಗಬೇಕು ಅನ್ನುವವರು ಹುಷಾರಾಗಿರಬೇಕು. ಶಾಲೆಯಲ್ಲಿ ಕಲಿಸುವ ವಿಷಯ ನಿಮ್ಮ ಡಿಗ್ರಿಯಲ್ಲಿ ಇರಬೇಕು, ಒಂದಲ್ಲ, ಎರಡು ಇದ್ದರೆ ಒಳ್ಳೆಯದು. ಶಾಲೆಯಲ್ಲಿ ಪತ್ರಿಕೋದ್ಯಮ ಅಂತ ಪೀರಿಯಡ್ ಇಲ್ಲ, ಮನೋವಿಜ್ಞಾನ ಅಂತಲೂ ಇಲ್ಲ. ಈ ಎರಡನ್ನೂ ಇಷ್ಟಪಟ್ಟು ತೆಗೆದುಕೊಳ್ಳಿ, ಬೇಡ ಅನ್ನುತ್ತಿಲ್ಲ, ಜೊತೆಗಿರುವ ಮೂರನೆಯ ವಿಷಯ ಮಾತ್ರ ಶಾಲೆಯದ್ದಾಗಿರಲಿ. ಇನ್ನೊಂದು ಮಾತು: ಬಿ.ಎಡ್‌ಗೆ ಸಾಮಾನ್ಯ ವರ್ಗದವರಿಗೆ ಡಿಗ್ರಿಯಲ್ಲಿ ಶೇಕಡ 50 ಅಂಕ ಬೇಕು. ಸುಮ್ನೆ ಪಾಸಾದರೆ ಸಾಕು ಅಂತ ಮೂರು ವರ್ಷ ಕಳೆದವರಿಗೆ ಇದು ಕೊನೆಯಲ್ಲಿ ಚುರುಕು ಮುಟ್ಟಿಸುತ್ತದೆ.

ಎಂ.ಎ.ಗೂ ಅಷ್ಟೇ. ಅರ್ಥಶಾಸ್ತ್ರ, ಭೂಗೋಳ, ಮನೋವಿಜ್ಞಾನದಂಥವಕ್ಕೆ ಆ ವಿಷಯವನ್ನು ಡಿಗ್ರಿಯಲ್ಲಿ ಓದಿರಬೇಕು ಎಂದು ಸಾಮಾನ್ಯವಾಗಿ ಕೇಳುತ್ತಾರೆ. ಒಂದು ಸುಲಭ ಉಪಾಯ ಹೇಳುತ್ತೇನೆ. ನಿಮಗೆ ಮುಂದೆ ಮಾನಸಗಂಗೋತ್ರಿಗೆ, ಅಂದರೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕ್ಯಾಂಪಸ್ಸಿಗೆ, ಹೋಗುವ ಕನಸು ಇದ್ದರೆ, ಈಗಲೇ ಅಲ್ಲಿಯ ಎಂ.ಎ. ಪ್ರವೇಶದ ಅಧಿಸೂಚನೆ ತೆಗೆದು ನಿಮ್ಮ ವಿಷಯದ ಮುಂದೆ ಅರ್ಹತೆ ಏನು ಬರೆದಿದ್ದಾರೆ ಎಂದು ಓದಿ. ಮೂರು ವರ್ಷ ಮುಂಚೆ ಓದಿದರೆ ಹತ್ತು ನಿಮಿಷದ ಕೆಲಸ, ಮೂರು ವರ್ಷ ಆದ ಮೇಲೆ ಓದಿದರೆ ತಲೆ ಮೇಲೆ ಕೈ.

ಇನ್ನು ರೂಲ್ಸ್. ಇಲ್ಲಿ ಎಲ್ಲರೂ ಎಡವುವುದು ಸೀನಿಯರ್ ಮಾತು ನಂಬಿ. ರೂಲ್ಸು ನೀವು ಸೇರಿದ ವರ್ಷಕ್ಕೆ ಅಂಟಿಕೊಂಡಿರುತ್ತದೆ, ಕಾಲೇಜಿಗಲ್ಲ. 2021-22ರಲ್ಲಿ ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕನೇ ವರ್ಷ ಓದಿದರೆ ಆನರ್ಸ್, ನಡುವೆ ಬಿಟ್ಟರೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಅಂತೆಲ್ಲ ಇತ್ತು. 2024-25ರಿಂದ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ, ಆರು ಸೆಮಿಸ್ಟರಿನ ಪದವಿಗೆ ಬಂತು. ಅಂದರೆ 2022ರಲ್ಲಿ ಸೇರಿದ ನಿಮ್ಮ ಅಣ್ಣ "ಎರಡು ಮೇಜರ್ ತಗೋ, ಓಪನ್ ಎಲೆಕ್ಟಿವ್ ಇರುತ್ತೆ" ಅಂದರೆ ಅವನು ಸುಳ್ಳು ಹೇಳುತ್ತಿಲ್ಲ, ಅವನ ಬ್ಯಾಚಿನ ಸತ್ಯ ಹೇಳುತ್ತಿದ್ದಾನೆ. ನಿಮಗೆ ಬೇಕಾದ್ದು ನಿಮ್ಮ ಬ್ಯಾಚಿನ ರೆಗ್ಯುಲೇಷನ್. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪಿಡಿಎಫ್ ಸಿಗುತ್ತದೆ. ಇಡೀ ಓದಬೇಕಿಲ್ಲ. ಪಾಸಾಗಲು ಕನಿಷ್ಠ ಅಂಕ ಎಷ್ಟು, ಹಾಜರಾತಿ ಎಷ್ಟು, ಫೇಲಾದ ಪೇಪರ್ ಇಟ್ಟುಕೊಂಡು ಮುಂದಿನ ವರ್ಷಕ್ಕೆ ಹೋಗಬಹುದಾ, ಎಷ್ಟು ವರ್ಷದೊಳಗೆ ಮುಗಿಸಬೇಕು, ವಿಷಯ ಬದಲಿಸಲು ಕೊನೆ ದಿನ ಯಾವುದು. ಈ ಐದಕ್ಕೆ ಉತ್ತರ ಹುಡುಕಿ ಪೆನ್ನಲ್ಲಿ ಬರೆದಿಟ್ಟುಕೊಳ್ಳಿ.

ಕ್ರೆಡಿಟ್ ಅಂದರೆ ಹೆದರಬೇಡಿ. ವಾರಕ್ಕೆ ಒಂದು ಗಂಟೆ ಪಾಠ, ಒಂದು ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ ಎರಡು ಗಂಟೆಗೆ ಒಂದು. ಹಾಗಾಗಿ ಭೂಗೋಳ, ಮನೋವಿಜ್ಞಾನದಂಥ ಪ್ರಾಕ್ಟಿಕಲ್ ಇರುವ ವಿಷಯ ತೆಗೆದುಕೊಂಡರೆ ಅದೇ ಕ್ರೆಡಿಟ್ಟಿಗೆ ಕಾಲೇಜಿನಲ್ಲಿ ಜಾಸ್ತಿ ಹೊತ್ತು ಇರಬೇಕಾಗುತ್ತದೆ. ಪಾಂಡವಪುರದಿಂದಲೋ ಮದ್ದೂರಿನಿಂದಲೋ ಮೈಸೂರಿಗೆ ದಿನಾ ಓಡಾಡುವವರು ಇದನ್ನು ಲೆಕ್ಕ ಹಾಕಲೇಬೇಕು. ಮಧ್ಯಾಹ್ನದ ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ಟ್ರೈನ್ ಹೋಗಿರುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಗಂಡುಹುಡುಗರು ಪಾಸ್ ಮಾಡಿಸಬೇಕು. ನಿಮ್ಮ ತಾಲ್ಲೂಕಿನಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದ್ದು, ಅಲ್ಲಿ ನಿಮ್ಮ ವಿಷಯಕ್ಕೆ ಖಾಯಂ ಮೇಷ್ಟ್ರು ಇದ್ದರೆ, ಮೈಸೂರಿನ ಹೆಸರಿಗೋಸ್ಕರ ದಿನಕ್ಕೆ ಮೂರು ಗಂಟೆ ರಸ್ತೆ ಮೇಲೆ ಕಳೆಯುವುದು ಯಾಕೆ ಅನ್ನುವುದು ನನ್ನ ಅಭಿಪ್ರಾಯ. ಲೈಬ್ರರಿಗೆ ಶನಿವಾರ ಹೋದರಾಯಿತು.

ಕಾಲೇಜು ಆರಿಸುವಾಗ ಇನ್ನೊಂದು ಕೇಳಿ: ಸ್ವಾಯತ್ತ ಕಾಲೇಜಾ, ಸಂಯೋಜಿತ ಕಾಲೇಜಾ? ಸ್ವಾಯತ್ತ ಅಂದರೆ ಪಠ್ಯ, ಪರೀಕ್ಷೆ ಕಾಲೇಜಿನದೇ, ಪದವಿ ಮಾತ್ರ ವಿಶ್ವವಿದ್ಯಾಲಯದ ಹೆಸರಿನಲ್ಲಿ. ಸಂಯೋಜಿತ ಅಂದರೆ ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದಿಂದಲೇ ಬರುತ್ತದೆ. ನಡುವೆ ಕಾಲೇಜು ಬದಲಿಸುವ ಪ್ರಸಂಗ ಬಂದರೆ ಈ ವ್ಯತ್ಯಾಸ ಕಾಡುತ್ತದೆ, ಯಾಕೆಂದರೆ ಎರಡೂ ಕಡೆ ಪೇಪರುಗಳು ಹೊಂದಬೇಕಲ್ಲ.

ಈಗ ಅರ್ಜಿ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಯುಯುಸಿಎಂಎಸ್ ಅನ್ನುವ ಒಂದೇ ಪೋರ್ಟಲ್ ಇದೆ. ಪ್ರವೇಶ, ಪರೀಕ್ಷಾ ಅರ್ಜಿ, ಹಾಲ್ ಟಿಕೆಟ್, ರಿಸಲ್ಟ್ ಎಲ್ಲ ಅದರಲ್ಲೇ. ಸೈಬರ್ ಸೆಂಟರಿನಲ್ಲಿ ಹಾಕಿಸಿದರೆ ಹಾಕಿಸಿ, ಆದರೆ ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಅರ್ಜಂಟಿನಲ್ಲಿ ಸೈಬರ್‌ನವನ ನಂಬರ್ ಕೊಟ್ಟು, ಪರೀಕ್ಷಾ ಅರ್ಜಿಯ ಕೊನೇ ದಿನ ಓಟಿಪಿಗೋಸ್ಕರ ಅವನ ಅಂಗಡಿ ಬಾಗಿಲಲ್ಲಿ ಕಾದವರನ್ನು ನಾನು ನೋಡಿದ್ದೇನೆ. ಅಂಗಡಿಗೆ ಅವತ್ತು ರಜಾ.

ಹೆಸರು ಎಲ್ಲ ಕಡೆ ಒಂದೇ ಥರ ಇರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಯಲ್ಲಿ, ಆಧಾರ್‌ನಲ್ಲಿ ಮೊದಲಲ್ಲಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ನಮ್ಮ ಅಕ್ಕನ ಮಗಳಿಗೆ ಇದರಿಂದಲೇ ಒಂದು ವರ್ಷದ ಸ್ಕಾಲರ್‌ಶಿಪ್ ನಿಂತಿತ್ತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನೇ ಅಳತೆಗೋಲು ಅಂತ ಇಟ್ಟುಕೊಂಡು ಮಿಕ್ಕಿದ್ದನ್ನು ಅದಕ್ಕೆ ಸರಿಮಾಡಿಸಿ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಸ್ಕಾಲರ್‌ಶಿಪ್ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಅದು ನಾಡಕಚೇರಿಯಲ್ಲಿ ಆಗುವ ಕೆಲಸ, ಜೂನ್‌ನಲ್ಲಿ ಎಲ್ಲರೂ ಅಲ್ಲೇ ಇರುತ್ತಾರೆ, ಏಪ್ರಿಲ್‌ನಲ್ಲೇ ಹೋಗಿ ಬನ್ನಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಕೇಳಿಕೊಂಡು ಬನ್ನಿ. ಸಿಬಿಎಸ್‌ಇ ಅಥವಾ ಹೊರರಾಜ್ಯದಿಂದ ಬಂದವರಾದರೆ ಮೈಗ್ರೇಷನ್ ಸರ್ಟಿಫಿಕೇಟ್, ವಿಶ್ವವಿದ್ಯಾಲಯದ ಅರ್ಹತಾ ಪತ್ರ ಕೂಡ ಬೇಕಾಗುತ್ತದೆ.

ಟಿಸಿ ಮೂಲಪ್ರತಿ ಕಾಲೇಜಿಗೆ ಕೊಡಲೇಬೇಕು. ಕೊಡುವ ಮುಂಚೆ ನಾಲ್ಕು ಜೆರಾಕ್ಸ್ ಇಟ್ಟುಕೊಳ್ಳಿ. ಅಂಕಪಟ್ಟಿ ಹಾಗಲ್ಲ. ಮೂಲ ಅಂಕಪಟ್ಟಿಯನ್ನು ನೋಡಿ ವಾಪಸ್ ಕೊಡಬೇಕು, ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ. ಸೀಟು ಬಿಟ್ಟರೆ ಫೀಸು ವಾಪಸ್ ಕೊಡುವುದಕ್ಕೂ ಯುಜಿಸಿ ನಿಯಮ ಇದೆ. ಬೇಗ ಬಿಟ್ಟಷ್ಟೂ ಜಾಸ್ತಿ ಹಣ ವಾಪಸ್. ಬಾಯಿಮಾತಲ್ಲಿ ಕೇಳಬೇಡಿ, ತಾರೀಕು ಹಾಕಿ ಪತ್ರ ಕೊಡಿ.

ಹಾಜರಾತಿ ಶೇಕಡ 75. ನಾಲ್ಕು ಕ್ಲಾಸಿಗೆ ಮೂರು. ಇದು ಒಟ್ಟು ಲೆಕ್ಕ ಅಲ್ಲ, ಪ್ರತಿ ವಿಷಯಕ್ಕೂ ಬೇರೆ ಬೇರೆ ನೋಡುತ್ತಾರೆ ಅಂದುಕೊಂಡೇ ನಡೆದುಕೊಳ್ಳಿ. ಭತ್ತದ ನಾಟಿ, ಕಬ್ಬಿನ ಕಟಾವು, ಊರ ಹಬ್ಬ ಎಲ್ಲ ಸೇರಿದರೆ ಒಂದು ಸೆಮಿಸ್ಟರಿನ ಕಾಲುಭಾಗ ಗೊತ್ತಾಗದೆ ಕರಗಿರುತ್ತದೆ.

ಕೆಲಸಕ್ಕೆ ಹೋಗುತ್ತ ಓದಬೇಕು ಅನ್ನುವವರಿಗೆ ಮೈಸೂರಿನ ಮುಕ್ತಗಂಗೋತ್ರಿ ಇದೆ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಶುರುವಾದದ್ದು. ಸೇರುವ ಮುಂಚೆ ಆ ವರ್ಷ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ನೋಡಿಕೊಳ್ಳುವುದು ದೂರಶಿಕ್ಷಣದ ಯಾವುದೇ ಸಂಸ್ಥೆಗೂ ಅನ್ವಯಿಸುವ ಮಾತು. 2022ರಿಂದ ಒಂದು ಡಿಗ್ರಿ ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ ಒಟ್ಟಿಗೆ ಮಾಡುವುದಕ್ಕೂ ಯುಜಿಸಿ ಒಪ್ಪಿದೆ. ಒಂದೇ ದಿನ ಎರಡೂ ಪರೀಕ್ಷೆ ಬಿದ್ದರೆ ಯಾರೂ ತಾರೀಕು ಬದಲಿಸುವುದಿಲ್ಲ, ಅದು ನಿಮ್ಮ ಪಾಡು.

ಕೊನೆಗೂ ತಪ್ಪು ಕಾಂಬಿನೇಷನ್‌ಗೆ ಸೇರಿಬಿಟ್ಟಿರಾ? ತರಗತಿ ಶುರುವಾದ ಮೊದಲ ವಾರಗಳಲ್ಲಾದರೆ ದಾರಿ ಇರುತ್ತದೆ. ಬೇಕಾದ ವಿಷಯದ ಮೇಷ್ಟ್ರನ್ನು ಮೊದಲು ನೋಡಿ, ಸೀಟು ಇದೆ ಅಂತ ಅವರಿಂದ ಹೇಳಿಸಿಕೊಳ್ಳಿ. ಆಮೇಲೆ ಪ್ರಾಂಶುಪಾಲರಿಗೆ ಒಂದು ಪುಟದ ಅರ್ಜಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಒಂದು ವಾರ ಬಿಟ್ಟು ಪೋರ್ಟಲ್ ತೆರೆದು ನಿಮ್ಮ ಹೆಸರಿನ ಮುಂದೆ ಹೊಸ ವಿಷಯ ಬಂದಿದೆಯಾ ನೋಡಿ. ಬರುವ ತನಕ ಹಳೇ ವಿಷಯದ ಕ್ಲಾಸಿಗೂ ಹೋಗುತ್ತಿರಿ.