ಕಾರು ತಗೊಳ್ಳುವ ಮೊದಲು ಹಿಂದಿನ ಸೀಟಿನಲ್ಲಿ ಕೂತು ನೋಡಿ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರು ಹೊಸ ಕಾರು ನೋಡುತ್ತಿದ್ದರೆ ಒಂದು ಮಾತು. ನಾನು ಹೈವೇಯಲ್ಲಿ ಮಾತ್ರ ಓಡಿಸಿ ನೋಡಿ ತಗೊಂಡೆ. ಮನೆಗೆ ತಂದ ಮೇಲೆ, ತೋಟದ ದಾರಿಯಲ್ಲಿ ಅಮ್ಮ ಪ್ರತಿ ಹೊಂಡಕ್ಕೂ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ದೊಡ್ಡ ಅಲಾಯ್ ಚಕ್ರ, ತೆಳು ಟಯರ್. ಟಯರಿನ ಪಕ್ಕದ ರಬ್ಬರ್ ಗಿಡ್ಡ ಆದಷ್ಟೂ ಪೆಟ್ಟು ಸೀದಾ ಸೊಂಟಕ್ಕೆ ಬರುತ್ತದೆ. ಅದೇ ಕಾರಿನಲ್ಲಿ ಒಂದು ಇಂಚು ಚಿಕ್ಕ ಚಕ್ರದ ಮಾಡೆಲ್ ಇದ್ದರೆ ಅದನ್ನೇ ನೋಡಿ.

ಎಂಜಿನ್ ಮುಖ್ಯ ಅಲ್ಲ ಅಂತಲ್ಲ. ಐದು ಜನ ಕೂತು ಗುಡ್ಡ ಹತ್ತುವಾಗ ಬೇಕಾಗುವುದು ಟಾರ್ಕ್, ಅಂದರೆ ಎಂಜಿನ್ ಚಕ್ರವನ್ನು ತಿರುಗಿಸುವ ಬಲ. ಅದು 1500–2000 ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ನಿಧಾನಕ್ಕೆ ತಿರುಗುವಾಗಲೇ ಸಿಕ್ಕಿದರೆ ಸುಮ್ನೆ ಗೇರ್ ಇಳಿಸುತ್ತಾ ಇರಬೇಕಾಗಿಲ್ಲ.

ಟೆಸ್ಟ್ ಡ್ರೈವಿಗೆ ಮೊದಲು ಟಯರಿನ ಗಾಳಿಯನ್ನೂ ನೋಡಿಸಿ. ಜಾಸ್ತಿ ಇದ್ದರೆ ಒಳ್ಳೆಯ ಸಸ್ಪೆನ್ಷನ್ (ಹೊಂಡದ ಪೆಟ್ಟು ತಡೆಯುವ ಸ್ಪ್ರಿಂಗ್ ವ್ಯವಸ್ಥೆ) ಕೂಡ ಗಡುಸಾಗಿ ಅನಿಸುತ್ತದೆ.