ಟ್ರೆಡ್‌ಮಿಲ್‌ಗೆ ಬೇರೆ ಲೈನ್ ಹಾಕಿಸಿದ್ದು: ನನ್ನ ಅನುಭವ

ಟ್ರೆಡ್‌ಮಿಲ್ ಮನೆಗೆ ಬರುವ ಮೊದಲೇ ಅದಕ್ಕೆ ಅಂತಲೇ ಬೇರೆ ಕರೆಂಟ್ ಲೈನ್ ಎಳೆಸಿದೆ. ಗೋಡೆಯಲ್ಲಿ ಪ್ಲಗ್ ಇದೆಯಲ್ಲ, ಅದಕ್ಕೇ ಹಾಕಿದರೆ ಆಯ್ತಲ್ವಾ ಅಂತ ಮನೆಯವರು ಕೇಳಿದರು. ಆದರೆ ಇದು ಟಿವಿ ತರಹ ದೂರ ಕೂತು ನೋಡುವ ವಸ್ತು ಅಲ್ಲ. ಬೆವರಿದ ಕೈಯಲ್ಲಿ ಕಬ್ಬಿಣದ ಹಿಡಿ ಹಿಡಿದುಕೊಂಡು, ಓಡುತ್ತಿರುವ ಮೋಟಾರಿನ ಪಕ್ಕದಲ್ಲೇ ಅರ್ಧ ಗಂಟೆ ಇರುತ್ತೇವೆ.

ಮೊದಲು ಲೆಕ್ಕ ಹಾಕಿದೆ. ಮೋಟಾರಿನ ಶಕ್ತಿಯನ್ನು ಎಚ್‌ಪಿ (ಹಾರ್ಸ್‌ಪವರ್) ಲೆಕ್ಕದಲ್ಲಿ ಹೇಳುತ್ತಾರೆ, ಒಂದು ಎಚ್‌ಪಿ ಅಂದರೆ ಸುಮಾರು 746 ವಾಟ್. 2 ಎಚ್‌ಪಿ ಮೋಟಾರ್ ಪೂರ್ತಿ ದುಡಿದರೆ 1,500 ವಾಟ್ ಹತ್ತಿರ, 230 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್. ಮೋಟಾರ್ ಬಿಸಿಯಾಗಿ ಪೋಲಾಗುವುದು ಇದರ ಮೇಲೆ. ಹಾಗಾಗಿ 6 ಆಂಪಿಯರ್‌ನ ಸಣ್ಣ ಪ್ಲಗ್ ಬೇಡವೇ ಬೇಡ, 16 ಆಂಪಿಯರ್ ಪವರ್ ಪ್ಲಗ್ಗೇ ಬೇಕು. ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವುದು ಹೆಚ್ಚಾಗಿ ಪೀಕ್ ಎಚ್‌ಪಿ, ಅಂದರೆ ಸ್ವಲ್ಪ ಹೊತ್ತು ಮಾತ್ರ ಸಿಗುವ ಗರಿಷ್ಠ ಶಕ್ತಿ. ಅದನ್ನು ನಂಬುವ ಬದಲು ಯಂತ್ರದ ಮೇಲೆ ಅಂಟಿಸಿರುವ ಪಟ್ಟಿಯಲ್ಲಿ ವಾಟ್, ಆಂಪಿಯರ್ ಎಷ್ಟಿದೆ ನೋಡಿ.

ಮೇನ್ ಬೋರ್ಡಿನಿಂದ ನೇರವಾಗಿ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿದೆ, ಫೇಸ್, ನ್ಯೂಟ್ರಲ್, ಅರ್ಥ್ ಮೂರೂ. ನಡುವೆ ಬೇರೆ ಯಾವ ಪಾಯಿಂಟೂ ಇಲ್ಲ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್, 16 ಆಂಪಿಯರ್‌ದು, ಸಿ ಟೈಪ್. ಮೋಟಾರ್ ಶುರುವಾಗುವಾಗ ಒಂದು ಕ್ಷಣ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿ ಟೈಪ್ ಆದರೆ ಅಷ್ಟಕ್ಕೇ ಸುಮ್ನೆ ಟ್ರಿಪ್ ಆಗಬಹುದು.

ಎಂಸಿಬಿ ಇದ್ದರೆ ಶಾಕ್ ಹೊಡೆಯುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಮನುಷ್ಯನಿಗೆ ಬೇಕಾದ್ದು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲಿನಲ್ಲಿ ಅಷ್ಟೇ ವಾಪಸ್ ಬರದೆ ಬೇರೆ ದಾರಿ ಹಿಡಿದರೆ, ಆ ದಾರಿ ನಮ್ಮ ಮೈ ಆಗಿದ್ದರೂ, ಅದು ಲೈನ್ ಕಡಿದುಬಿಡುತ್ತದೆ. ಅದರ ಮೇಲಿರುವ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡುತ್ತೇನೆ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಕೆಲವರು ಅದನ್ನು ತೆಗೆಸಿಬಿಡುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ, ಎಲ್ಲಿ ಲೀಕ್ ಆಗುತ್ತಿದೆ ಅಂತ ಹುಡುಕಿಸಿ.

ನಾನು ಹಟ ಹಿಡಿದದ್ದು ಅರ್ಥಿಂಗ್ ವಿಷಯದಲ್ಲಿ. ಸಾಕೆಟ್ಟಿಗೆ ಮೂರು ತೂತು ಇದ್ದ ಮಾತ್ರಕ್ಕೆ ಹಿಂದೆ ಅರ್ಥ್ ವೈರ್ ಇರಲೇಬೇಕು ಅಂತೇನಿಲ್ಲ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ ಅಳೆಸಿದೆ. ಫೇಸ್-ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೋ ಫೇಸ್-ಅರ್ಥ್ ನಡುವೆಯೂ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ, ಹತ್ತು ಹದಿನೈದು ತೋರಿಸಿದರೆ ಎಲ್ಲೋ ತೊಂದರೆ ಇದೆ ಅಂತಲೇ ಅರ್ಥ. ಇದನ್ನು ಮನೆಯಲ್ಲಿ ಲೋಡ್ ಓಡುತ್ತಿರುವಾಗಲೂ ಅಳೆಸಬೇಕು. ಇನ್ನೊಂದು, ಬೆಲ್ಟ್ ಹಲಗೆಗೆ ಉಜ್ಜಿ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ. ಅರ್ಥ್ ಸರಿ ಇದ್ದರೆ ಚೌಕಟ್ಟಿನಲ್ಲಿ ಸೇರಿದ್ದು ಇಳಿದುಹೋಗುತ್ತದೆ, ಇಲ್ಲದಿದ್ದರೆ ಹಿಡಿ ಮುಟ್ಟಿದಾಗ ಚುರ್ ಅನ್ನುತ್ತದೆ, ಡಿಸ್‌ಪ್ಲೇ ಕೂಡ ಕೈಕೊಡಬಹುದು.

ಎಕ್ಸ್‌ಟೆನ್ಷನ್ ಬಾಕ್ಸ್, 16ರಿಂದ 6ಕ್ಕೆ ಇಳಿಸುವ ಕನ್ವರ್ಟರ್ ಪ್ಲಗ್ ಎರಡನ್ನೂ ಹತ್ತಿರ ಸೇರಿಸಲಿಲ್ಲ. ತೆಳು ವೈರ್ ಬಿಸಿಯಾಗುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಮೋಟಾರ್ ಒದ್ದಾಡುತ್ತದೆ. ಯಂತ್ರವನ್ನೇ ಪ್ಲಗ್ಗಿನ ಹತ್ತಿರ ಇಟ್ಟು, ವೈರ್ ಅದರ ಕೆಳಗೆ ಹೋಗದ ಹಾಗೆ ಗೋಡೆ ಬದಿಗೆ ಕಟ್ಟಿದೆ, ಏಕೆಂದರೆ ಇನ್‌ಕ್ಲೈನ್ (ಏರು ಹತ್ತಿದ ಹಾಗೆ ಯಂತ್ರದ ಮುಂಭಾಗ ಎತ್ತುವ ವ್ಯವಸ್ಥೆ) ಇಳಿಯುವಾಗ ಕೆಳಗಿದ್ದ ವೈರ್ ಜಜ್ಜಿಹೋಗುತ್ತದೆ. ಬಿದ್ದರೆ ಗೋಡೆಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಹಿಂದೆ ಎರಡು ಮೀಟರ್ ಖಾಲಿ ಬಿಟ್ಟಿದ್ದೇನೆ.

ಓಡಿ ಇಳಿದ ಮೇಲೆ ಪ್ಲಗ್ ಟಾಪ್ ಮುಟ್ಟಿ ನೋಡುತ್ತೇನೆ. ಸ್ವಲ್ಪ ಬೆಚ್ಚಗಿದ್ದರೆ ಸರಿ, ಸುಡುವಷ್ಟಿದ್ದರೆ ಒಳಗೆ ಲೂಸ್ ಕಾಂಟ್ಯಾಕ್ಟ್. ಬೆಲ್ಟ್ ಒಣಗಿದರೂ ಉಜ್ಜಾಟ ಜಾಸ್ತಿಯಾಗಿ ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಆಗ ಬೇಕಿರುವುದು ಸಿಲಿಕೋನ್ ಆಯಿಲ್, ದೊಡ್ಡ ಎಂಸಿಬಿ ಅಲ್ಲ. ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆದು, ಕೆಂಪು ಸೇಫ್ಟಿ ಕೀಯನ್ನು ಮಕ್ಕಳ ಕೈಗೆ ಸಿಗದ ಕಡೆ ಇಡುತ್ತೇನೆ.