ಕಾಣದ ಪ್ರಿಂಟರ್‌ಗೆ ಕಾಯಂ ವಿಳಾಸ

ನಮ್ಮ ಓಣಿಯಲ್ಲಿ ಯಾರ ಮನೆಯ ಪ್ರಿಂಟರ್ ಮುನಿಸಿಕೊಂಡರೂ ಕರೆ ನನಗೇ ಬರುತ್ತದೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಒಂದು ಅನಾಹುತ ಆಗಿಯೇ ಇರುತ್ತದೆ: ಅದೇ ಪ್ರಿಂಟರ್‌ನ ಸಾಫ್ಟ್‌ವೇರನ್ನು ಮೇಲಿಂದ ಮೇಲೆ ಹಾಕಿರುತ್ತಾರೆ. ಕಳೆದ ವಾರ ರಾಯಚೂರಿನ ತೀನ್ ಕಂದೀಲ್ ಹತ್ತಿರ ನಿವೃತ್ತ ಮಾಸ್ತರರೊಬ್ಬರ ಮನೆಗೆ ಹೋಗಿದ್ದೆ. ಕಂಪ್ಯೂಟರ್‌ನಲ್ಲಿ ಒಂದೇ ಪ್ರಿಂಟರ್ ನಾಲ್ಕು ಸಲ ಕೂತಿತ್ತು. ಮೂಲ ಹೆಸರು, ಅದರ ಕೆಳಗೆ ಕಾಪಿ 1, ಕಾಪಿ 2, ಕಾಪಿ 3. ನಾಲ್ಕೂ ಆಫ್‌ಲೈನ್. ‘ಹೊಸದೇ ತರೋಣವೇನು ತಮ್ಮಾ?’ ಎಂದರು ಮಾಸ್ತರರು. ಬೇಡವೆಂದೆ.

ಮೊದಲ ಕೆಲಸ: ರೂಟರ್, ಪ್ರಿಂಟರ್, ಕಂಪ್ಯೂಟರ್ ಮೂರನ್ನೂ ಆರಿಸಿ, ಇದೇ ಕ್ರಮದಲ್ಲಿ ಒಂದೊಂದಾಗಿ ಹಚ್ಚಿ. ರೂಟರ್‌ನ ದೀಪಗಳು ನೆಲೆಗೊಳ್ಳುವವರೆಗೆ ಮುಂದಿನದಕ್ಕೆ ಕೈಹಾಕಬೇಡಿ.

ಎರಡನೆಯದು: ಪ್ರಿಂಟರ್‌ನಿಂದಲೇ ಅದರ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿಕೊಳ್ಳಿ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಪರದೆ ಇರುವ ಪ್ರಿಂಟರ್‌ನಲ್ಲಿ ನೆಟ್‌ವರ್ಕ್ ಮೆನುವಿನೊಳಗೆ ಸಿಗುತ್ತದೆ. ಪರದೆ ಇಲ್ಲದವುಗಳಲ್ಲಿ ಯಾವುದೋ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಯಾವ ಗುಂಡಿ ಎಂಬುದು ಕೈಪಿಡಿಯಲ್ಲಿದೆ. ಆ ಪುಟದಲ್ಲಿ ಐಪಿ ವಿಳಾಸ, ಅಂದರೆ ಮನೆಯ ಜಾಲದಲ್ಲಿ ಪ್ರಿಂಟರ್‌ಗೆ ಸಿಕ್ಕ ನಂಬರು, ಎಂಬ ಸಾಲನ್ನು ಹುಡುಕಿ. ಮಾಸ್ತರರ ಪ್ರಿಂಟರ್ 192.168.1.7 ಎಂದಿತು. ಕಂಪ್ಯೂಟರ್‌ನಲ್ಲಿ ಅದೇ ಪ್ರಿಂಟರ್‌ನ ಪೋರ್ಟ್, ಅಂದರೆ ಕಂಪ್ಯೂಟರ್ ಕಾಗದ ಕಳುಹಿಸುವ ವಿಳಾಸ, ತೆರೆದು ನೋಡಿದರೆ 192.168.1.4 ಎಂದಿತ್ತು. ಹಾಗಾದರೆ ಈ ನಾಲ್ಕನೆಯವರು ಯಾರು? ರೂಟರ್‌ನ ಪಟ್ಟಿ ತೆಗೆದೆ. ಪಡಸಾಲೆಯ ಟಿವಿ. ಎರಡು ದಿನದಿಂದ ಮಾಸ್ತರರು ತಮ್ಮ ಹೊಲದ ಪಹಣಿಯನ್ನು ಟಿವಿಗೆ ಕಳುಹಿಸುತ್ತಿದ್ದರು.

ಇದು ಹೀಗಾಗುವುದಕ್ಕೆ ಕಾರಣ ಕರೆಂಟ್. ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರೂ ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಕರೆಂಟ್ ಹೋಗಿ ಬರುವುದು ತಪ್ಪಿಲ್ಲ. ರೂಟರ್ ಎಂದರೆ ಮಂತ್ರಾಲಯದ ಛತ್ರದಲ್ಲಿ ಕೋಣೆ ಹಂಚುವ ಗುಮಾಸ್ತನಿದ್ದಂತೆ. ಮನೆಯ ಪ್ರತಿ ಸಾಧನಕ್ಕೂ ಒಂದು ನಂಬರು ಕೊಡುತ್ತದೆ, ಅದೂ ಒಂದಷ್ಟು ಹೊತ್ತಿಗೆ ಮಾತ್ರ. ಹಲವು ಅಗ್ಗದ ರೂಟರ್‌ಗಳು ಕರೆಂಟ್ ಹೋದರೆ ಹಳೆಯ ದಫ್ತರವನ್ನೇ ಮರೆಯುತ್ತವೆ. ಮರಳಿ ಬಂದಾಗ ಯಾರು ಮೊದಲು ಬಾಗಿಲು ತಟ್ಟಿದರೋ ಅವರಿಗೆ ಕೋಣೆ. ಪ್ರಿಂಟರ್ ನಿಧಾನಕ್ಕೆ ಏಳುವ ಪ್ರಾಣಿ. ಅದು ಬರುವಷ್ಟರಲ್ಲಿ ಅದರ ಕೋಣೆಯಲ್ಲಿ ಬೇರೆಯವರು ಚಾಪೆ ಹಾಸಿರುತ್ತಾರೆ. ಸಾಫ್ಟ್‌ವೇರ್ ಮತ್ತೆ ಹಾಕಿದರೆ ಆ ಹೊತ್ತಿಗೆ ಸರಿಹೋಗುತ್ತದೆ, ಮುಂದಿನ ಸಲ ಕರೆಂಟ್ ಹೋಗುವ ತನಕ.

ಪುಟದಲ್ಲಿ 169.254 ಎಂದು ಶುರುವಾಗುವ ವಿಳಾಸವಿದ್ದರೆ ಕಥೆ ಬೇರೆ. ಪ್ರಿಂಟರ್‌ಗೆ ರೂಟರ್ ಯಾವ ವಿಳಾಸವನ್ನೂ ಕೊಟ್ಟಿಲ್ಲ, ಅದು ತಾನೇ ಒಂದನ್ನು ಹಾಕಿಕೊಂಡು ಕೂತಿದೆ ಎಂದರ್ಥ. ವೈಫೈಗೆ ಮತ್ತೆ ಸೇರಿಸಿ. ಹಲವು ಮನೆಬಳಕೆಯ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ಕೊನೆಯಲ್ಲಿ 5ಜಿ ಎಂದಿರುವ ಹೆಸರು 5 ಗಿಗಾಹರ್ಟ್ಸ್‌ನದು, ಮೊಬೈಲಿನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಕಂಪ್ಯೂಟರ್ ಆ 5ಜಿ ಹೆಸರಿನಲ್ಲೇ ಇದ್ದರೂ ತೊಂದರೆ ಇಲ್ಲ, ರೂಟರ್ ಒಂದೇ ಆಗಿದ್ದರೆ ಸಾಕು. ಪಾಸ್‌ವರ್ಡ್ ಬರೆಯದೆ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಗುಂಡಿ ಒತ್ತಿದರೆ ಎರಡು ನಿಮಿಷದೊಳಗೆ ರೂಟರ್, ಪ್ರಿಂಟರ್ ಎರಡೂ ಕಡೆ ಒತ್ತಿರಬೇಕು. ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ರೂಟರನ್ನು ಗೋಡೆಯ ಮಾಡದೊಳಗೆ ಇಡುವ ಅಭ್ಯಾಸವಿದೆ. ದಯವಿಟ್ಟು ಹೊರಗೆ ತೆಗೆಯಿರಿ.

ಐಪಿ ವಿಳಾಸದ ಮೊದಲ ಮೂರು ಸಂಖ್ಯೆಗಳು ಕಂಪ್ಯೂಟರ್‌ನದೂ ಪ್ರಿಂಟರ್‌ನದೂ ಒಂದೇ ಇರಬೇಕು. ಒಂದು 192.168.1, ಇನ್ನೊಂದು 192.168.0 ಎಂದಿದ್ದರೆ ಮನೆಯಲ್ಲಿ ಎರಡು ರೂಟರ್‌ಗಳಿವೆ, ಎರಡೂ ಬೇರೆ ಬೇರೆ ಸಂಸಾರ ಹೂಡಿವೆ. ಅತಿಥಿಗಳಿಗೆಂದು ಮಾಡಿದ ಗೆಸ್ಟ್ ವೈಫೈಗೆ ಪ್ರಿಂಟರನ್ನು ಸೇರಿಸಿದರೂ ಅದು ಉಳಿದವರಿಗೆ ಕಾಣುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಪ್ರಿಂಟರ್‌ಗೆ ವಿಳಾಸವನ್ನು ಕಾಯಂ ಮಾಡುವುದು. ರೂಟರ್‌ನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ ಅದರ ವಿಳಾಸವೂ ಪಾಸ್‌ವರ್ಡೂ ಇರುತ್ತವೆ. ಬ್ರೌಸರ್‌ನಲ್ಲಿ ಆ ವಿಳಾಸ ಬರೆದು ಒಳಗೆ ಹೋಗಿ. ಲ್ಯಾನ್ ಅಥವಾ ಡಿಎಚ್‌ಸಿಪಿ ಎಂಬ ವಿಭಾಗದಲ್ಲಿ ‘ರಿಸರ್ವೇಶನ್’, ‘ಸ್ಟ್ಯಾಟಿಕ್ ಲೀಸ್’ ಅಥವಾ ‘ಅಡ್ರೆಸ್ ಬೈಂಡಿಂಗ್’, ಹೀಗೆ ಕಂಪನಿಗೊಂದು ಹೆಸರಿನಲ್ಲಿ ನಮಗೆ ಬೇಕಾದ್ದು ಅಡಗಿರುತ್ತದೆ. ಅಲ್ಲಿ ಎರಡು ಸಂಗತಿ ಕೇಳುತ್ತದೆ. ಒಂದು ಪ್ರಿಂಟರ್‌ನ ಮ್ಯಾಕ್ ವಿಳಾಸ, ಅಂದರೆ ತಯಾರಾಗುವಾಗಲೇ ಅದಕ್ಕೆ ಕೊಟ್ಟ ಗುರುತಿನ ಸಂಖ್ಯೆ; ಇನ್ನೊಂದು ಕೊಡಬೇಕಾದ ಐಪಿ ವಿಳಾಸ.

ಮ್ಯಾಕ್ ವಿಳಾಸ ನೀವು ಮುದ್ರಿಸಿಕೊಂಡ ಪುಟದಲ್ಲೇ ಇದೆ. ಎರಡೆರಡರಂತೆ ಆರು ಜೋಡಿ. ತಪ್ಪುವುದು ಇಲ್ಲಿಯೇ. ಕೇಬಲ್ ಮತ್ತು ವೈಫೈ ಎರಡೂ ಇರುವ ಪ್ರಿಂಟರ್‌ಗೆ ಮ್ಯಾಕ್ ವಿಳಾಸವೂ ಎರಡು. ಪುಟದ ಮೇಲ್ಭಾಗದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದನ್ನು ಬರೆದುಕೊಂಡು ಬರುತ್ತಾರೆ, ಅದು ಕೇಬಲಿನದಾಗಿರುತ್ತದೆ, ರೂಟರ್ ಯಾರದೋ ದಾರಿ ಕಾಯುತ್ತ ಕೂರುತ್ತದೆ. ವೈರ್‌ಲೆಸ್ ಎಂಬ ಶೀರ್ಷಿಕೆಯ ಕೆಳಗಿನದನ್ನೇ ತೆಗೆದುಕೊಳ್ಳಿ. ಮ್ಯಾಕ್ ವಿಳಾಸದಲ್ಲಿ ಇಂಗ್ಲಿಷಿನ ಎ ಇಂದ ಎಫ್ ತನಕದ ಆರು ಅಕ್ಷರಗಳಷ್ಟೇ ಬರುತ್ತವೆ; ಹಾಗಾಗಿ ‘ಓ’ ಅಕ್ಷರದಂತೆ ಕಾಣುವುದು ಸೊನ್ನೆಯೇ. ಬಿ ಮತ್ತು 8ರ ನಡುವೆ ಗೊಂದಲವಾದರೆ ಕನ್ನಡಕ ಹಾಕಿಕೊಂಡು ನೋಡಿ, ಊಹಿಸಬೇಡಿ. ರೂಟರ್‌ನ ಪಟ್ಟಿಯಲ್ಲೇ ಪ್ರಿಂಟರ್ ಕಾಣುತ್ತಿದ್ದರೆ ಅಲ್ಲಿಂದ ಆರಿಸುವುದು ಇನ್ನೂ ಒಳ್ಳೆಯದು, ಬರೆಯುವ ಕಷ್ಟವೇ ಇಲ್ಲ.

ಐಪಿ ವಿಳಾಸದ ಕೊನೆಯ ಸಂಖ್ಯೆಯನ್ನು ನಾನು ಯಾವಾಗಲೂ 200 ಎಂದು ಇಡುತ್ತೇನೆ. ಚಿಕ್ಕ ಸಂಖ್ಯೆಗಳಿಗೆ ಮೊಬೈಲುಗಳ ನೂಕುನುಗ್ಗಲು. 200ರ ಕಡೆ ಯಾರಾದರೂ ಸುಳಿಯುವುದು ಅಪರೂಪ, ನೆನಪಿಡಲೂ ಸುಲಭ. ಉಳಿಸಿದ ಮೇಲೆ ಪ್ರಿಂಟರನ್ನು ಆರಿಸಿ ಹಚ್ಚಿ. ಇಲ್ಲದಿದ್ದರೆ ಅದು ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುತ್ತದೆ. ಮತ್ತೊಮ್ಮೆ ಪುಟ ಮುದ್ರಿಸಿ 200 ಬಂದಿದೆಯೇ ನೋಡಿ. ರೂಟರ್‌ನಲ್ಲಿ ಈ ಸೌಲಭ್ಯವೇ ಇಲ್ಲವೆಂದರೆ, ಅದು ಹಂಚುವ ಸಂಖ್ಯೆಗಳನ್ನು 199ಕ್ಕೆ ನಿಲ್ಲಿಸಿ, ಪ್ರಿಂಟರ್‌ನ ಮೆನುವಿನಲ್ಲಿ 200ನ್ನು ಕೈಯಾರೆ ಬರೆಯಿರಿ. ಹಂಚಿಕೆಯನ್ನು ನಿಲ್ಲಿಸದೆ ಪ್ರಿಂಟರ್‌ನಲ್ಲಿ ಮಾತ್ರ ಬರೆದರೆ ಒಂದು ದಿನ ಇಬ್ಬರಿಗೆ ಒಂದೇ ಕೋಣೆಯಾಗುತ್ತದೆ.

ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಆ ಐಪಿ ವಿಳಾಸ ಬರೆದು ಎಂಟರ್ ಒತ್ತಿ. ಪ್ರಿಂಟರ್‌ನದೇ ಪುಟ ತೆರೆದುಕೊಂಡರೆ ದಾರಿ ಸರಿಯಿದೆ. ತೆರೆಯದಿದ್ದರೆ ಸಾಫ್ಟ್‌ವೇರ್ ಮುಟ್ಟಬೇಡಿ, ದೋಷ ಇನ್ನೂ ನೆಟ್‌ವರ್ಕ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಅದನ್ನು ಕಚೇರಿಯ ಜಾಲಕ್ಕೆ ಜೋಡಿಸುವ ವಿಪಿಎನ್ ನಿಲ್ಲಿಸಿ ನೋಡಿ.

ಇನ್ನು ವಿಂಡೋಸ್. ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್’ನಲ್ಲಿ ಕಾಪಿಗಳನ್ನೆಲ್ಲ ತೆಗೆದುಹಾಕಿ. ‘ಆಡ್ ಡಿವೈಸ್’ ಒತ್ತಿ ಸ್ವಲ್ಪ ಕಾಯಿರಿ. ಅದು ಹುಡುಕಾಡಿ ಸೋತ ಮೇಲೆ ‘ಮ್ಯಾನುಯಲಿ’ ಎಂಬ ಪದವಿರುವ ಆಯ್ಕೆಯನ್ನು ತೋರಿಸುತ್ತದೆ. ಅದರಲ್ಲಿ ಐಪಿ ವಿಳಾಸದ ಮೂಲಕ ಸೇರಿಸುವ ಸಾಲನ್ನು ಆರಿಸಿ, ‘ಟಿಸಿಪಿ/ಐಪಿ ಡಿವೈಸ್’ ಎಂದು ಕೊಟ್ಟು 200ರ ವಿಳಾಸ ಬರೆಯಿರಿ. ವಿಂಡೋಸ್ ತಾನಾಗಿ ಹುಡುಕಿ ಕೊಡುವುದನ್ನು ನಾನು ನಂಬುವುದಿಲ್ಲ. ನಿಮಗೆ ಅದೇ ಬೇಕೆಂದರೆ ವೈಫೈ ‘ಪಬ್ಲಿಕ್’ ಎಂದಿರುವುದನ್ನು ‘ಪ್ರೈವೇಟ್’ ಮಾಡಿ. ಮುದ್ರಣ ಆಗುತ್ತಿದ್ದರೂ ಆಫ್‌ಲೈನ್ ಎಂದು ತೋರಿಸುತ್ತಿದ್ದರೆ ಪೋರ್ಟ್ಸ್ ಪುಟದ ‘ಕಾನ್ಫಿಗರ್ ಪೋರ್ಟ್’ನಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಗುರುತನ್ನು ತೆಗೆಯಿರಿ.

ಡ್ರೈವರ್, ಅಂದರೆ ಪ್ರಿಂಟರ್‌ನ ಸಾಫ್ಟ್‌ವೇರ್, ಬೇಕಾದರೆ ತಯಾರಕರ ಜಾಲತಾಣದ ವಿಳಾಸವನ್ನು ನೀವೇ ಬರೆದು ಹೋಗಿ. ಹುಡುಕಾಟದಲ್ಲಿ ಮೊದಲು ಸಿಗುವ ‘ಪ್ರಿಂಟರ್ ಸಹಾಯವಾಣಿ’ಗೆ ಕರೆ ಮಾಡಿದರೆ ಆ ಕಡೆಯವರು ನಿಮ್ಮ ಕಂಪ್ಯೂಟರನ್ನು ದೂರದಿಂದ ನೋಡುವ ಆ್ಯಪ್ ಹಾಕಿಸುತ್ತಾರೆ, ಆಮೇಲೆ ಬ್ಯಾಂಕ್ ಖಾತೆಯ ಗತಿ ಹೇಳುವಂತಿಲ್ಲ. ಎಲ್ಲ ಡ್ರೈವರ್‌ಗಳನ್ನೂ ತಾನೇ ಹೊಸದು ಮಾಡುತ್ತೇನೆ ಎನ್ನುವ ತಂತ್ರಾಂಶಗಳೂ ಬೇಡ. ಕರೆಂಟ್ ಹೋಗುವ ತೊಂದರೆಗೆಂದು ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಸಿಕ್ಕಿಸುವವರೂ ಇದ್ದಾರೆ. ಅದರ ಬಿಸಿಯಾಗುವ ಭಾಗ ಒಮ್ಮೆಗೇ ಎಳೆಯುವ ವಿದ್ಯುತ್ತಿಗೆ ಆ ಡಬ್ಬಿ ತಾಳುವುದಿಲ್ಲ. ರೂಟರ್‌ಗೆ ಒಂದು ಪುಟ್ಟ ಯುಪಿಎಸ್ ಕೊಡಿ, ಸಾಕು. ನಾಳೆ ಬೆಳಗ್ಗೆ ಪರೀಕ್ಷೆ, ಹಾಲ್ ಟಿಕೆಟ್ ಈಗಲೇ ಬೇಕು ಎಂದಾದರೆ ಇದೆಲ್ಲ ಬಿಟ್ಟು ಯುಎಸ್‌ಬಿ ಕೇಬಲ್ ಸಿಕ್ಕಿಸಿ.

ಮಾಸ್ತರರ ಮನೆಯಲ್ಲಿ ನಾನೂ ಒಂದು ತಪ್ಪು ಮಾಡಿದೆ. ಮೂಲ ಹೆಸರನ್ನು ಅಳಿಸದೆ ಅದರ ಪೋರ್ಟನ್ನಷ್ಟೇ ಬದಲಿಸಿದೆ. ಬಾಕಿ ಉಳಿದ ಕೆಲಸಗಳ ಸಾಲನ್ನು ಖಾಲಿ ಮಾಡುವುದು ಮರೆತೆ. ಪ್ರಿಂಟರ್‌ನ ಹೆಸರಿನ ಮೇಲೆ ಒತ್ತಿ ‘ಪ್ರಿಂಟ್ ಕ್ಯೂ’ ತೆರೆದು ಎಲ್ಲವನ್ನೂ ರದ್ದು ಮಾಡಬೇಕಿತ್ತು. ಅದಕ್ಕೂ ಬಗ್ಗದಿದ್ದರೆ ‘ಸರ್ವಿಸಸ್’ ತೆರೆದು ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ, ವಿಂಡೋಸ್ ಫೋಲ್ಡರಿನ ಸಿಸ್ಟಂ32, ಸ್ಪೂಲ್, ಪ್ರಿಂಟರ್ಸ್ ಎಂದು ಒಳಗಿಳಿದು ಅಲ್ಲಿರುವ ಕಡತಗಳನ್ನು ಅಳಿಸಿ, ಮತ್ತೆ ಶುರು ಮಾಡಬೇಕು. ನಾನು ಪೋರ್ಟ್ ಸರಿಮಾಡಿ ‘ಓಕೆ’ ಒತ್ತಿದ ಕೂಡಲೇ ಯಂತ್ರ ಎದ್ದು ಕೂತು, ಎರಡು ದಿನಗಳ ಕಾಲ ಟಿವಿಯ ಬಾಗಿಲಲ್ಲಿ ನಿಂತಿದ್ದ ಪಹಣಿಗಳನ್ನೆಲ್ಲ ಒಂದೊಂದಾಗಿ ಉಗುಳಿತು. ಹದಿನಾಲ್ಕು ಪ್ರತಿ. ಮಾಸ್ತರರು ಹದಿಮೂರನ್ನು ಮಡಚಿ, ಹಿಂಬದಿಯಲ್ಲಿ ಮೊಮ್ಮಗಳು ಲೆಕ್ಕ ಮಾಡಲಿ ಎಂದು ಎತ್ತಿಟ್ಟರು.